ಸ್ಟೈನ್‌ಬೆಕ್ಕನ ಕಿರುಕಾದಂಬರಿಯಲ್ಲಿ ಸ್ನೇಹ ಮತ್ತು ಏಕಾಕಿತನ

ಜಾನ್ ಸ್ಟೈನ್‌ಬೆಕ್ಕನ 'ಆಫ್ ಮೈಸ್ ಅಂಡ್ ಮೆನ್' ಎಂಬ ಕಿರುಕಾದಂಬರಿಯು ೧೯೩೭ರಲ್ಲಿ ಪ್ರಕಟವಾಯಿತು. ರಂಗಭೂಮಿಗೂ ಸಲ್ಲುವಂತೆ ಆರೇ ಪ್ರಕರಣಗಳಲ್ಲಿ ರಚಿತವಾದ ಈ ಕೃತಿಯನ್ನು ಬಡವರ ಭಗ್ನಸ್ವಪ್ನದ ಕಥೆಯೆಂದು ವರ್ಣಿಸುವುದು ವಾಡಿಕೆ. ಕೂಲಿಯಾಳುಗಳು ತುಂಡು ನೆಲಕ್ಕಾಗಿ ಹಂಬಲಿಸಿದರು, ಬಡತನವು ಅದನ್ನು ದಕ್ಕಗೊಡಲಿಲ್ಲ ಎಂಬುದು ಈ ವ್ಯಾಖ್ಯಾನದ ಸಾರ. ಕಾದಂಬರಿಕಾರನೇ ಕೊಟ್ಟಿರುವ ಲೆಕ್ಕವನ್ನು ಪರಿಶೀಲಿಸಿದರೆ ಈ ವ್ಯಾಖ್ಯಾನವು ಅಪೂರ್ಣವೆಂದು ತೋರದಿರದು.

ಕಥೆಯು ನಡೆಯುವುದು ಕ್ಯಾಲಿಫೋರ್ನಿಯದ ಸಲೀನಸ್ ನದಿಯ ಬಯಲಿನಲ್ಲಿ, ಸೊಲೆಡಾಡ್ ಎಂಬ ಊರಿನ ಸಮೀಪದಲ್ಲಿ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಊರ ಹೆಸರಿಗೆ ಏಕಾಕಿತನವೆಂದೇ ಅರ್ಥ. ಸುಗ್ಗಿಯ ಕೂಲಿಗಾಗಿ ಹೊಲದಿಂದ ಹೊಲಕ್ಕೆ ಅಲೆಯುವವರು ಒಂದೇ ಸೂರಿನಡಿ ಮಲಗಿಯೂ ಒಬ್ಬರಿಗೊಬ್ಬರು ಏನೂ ಆಗದೆ ಉಳಿಯುತ್ತಾರೆ. ಜಾರ್ಜನೂ ಮಂದಬುದ್ಧಿಯ, ಭೀಮಕಾಯದ ಲೆನ್ನಿಯೂ ಜೊತೆಯಾಗಿ ಬಂದರೆಂಬುದೇ ಯಜಮಾನನಿಗೆ ಶಂಕಾಸ್ಪದವಾಗುತ್ತದೆ. ಲೆನ್ನಿಯ ಕೂಲಿಯನ್ನು ಜಾರ್ಜ್ ಕಬಳಿಸುತ್ತಿರುವನೇ ಎಂದು ಆತ ವಿಚಾರಿಸುತ್ತಾನೆ. ಸ್ನೇಹಕ್ಕೆ ಲಾಭದ ಹೊರತು ಬೇರೆ ಕಾರಣವಿರಬಹುದೆಂಬುದು ಆ ವ್ಯವಸ್ಥೆಗೆ ಹೊಳೆಯದು.

ಕಪ್ಪುವರ್ಣದವನಾದ್ದರಿಂದ ಲಾಯದಾಳು ಕ್ರುಕ್ಸನಿಗೆ ಇತರರ ಬಿಡಾರದಲ್ಲಿ ಪ್ರವೇಶವಿಲ್ಲ. ಅವನಲ್ಲಿ ಪುಸ್ತಕಗಳಿವೆ, ಮನುಷ್ಯನಿಗೆ ಅವು ಸಾಲವೆಂಬುದನ್ನು ಅವನೇ ಬಲ್ಲ. ಯಜಮಾನನ ಮಗ ಕರ್ಲಿಯ ಹೆಂಡತಿಗಂತೂ ಹೆಸರೇ ಇಲ್ಲ. ಕೇಳುವ ಕಿವಿಯೊಂದು ದೊರೆತೊಡನೆ, ಅದು ಏನನ್ನೂ ಗ್ರಹಿಸಲಾರದ ಲೆನ್ನಿಯದಾದರೂ, ಇವರಿಬ್ಬರೂ ಮನಸ್ಸು ಬಿಚ್ಚುತ್ತಾರೆ. ಹಾಗೆಂದು ಒಂಟಿತನವು ಮನುಷ್ಯನನ್ನು ಮೃದುಗೊಳಿಸುತ್ತದೆಂಬ ಭಾವುಕತೆಗೆ ಇಲ್ಲಿ ಎಡೆಯಿಲ್ಲ. ಜಾರ್ಜ್ ಮರಳಿ ಬಾರದಿದ್ದರೇನು ಗತಿಯೆಂದು ಕ್ರುಕ್ಸ್ ಲೆನ್ನಿಯನ್ನು ಹಿಂಸಿಸುತ್ತಾನೆ; ಕರ್ಲಿಯ ಹೆಂಡತಿಯು ಕ್ರುಕ್ಸನನ್ನು ಮರಕ್ಕೆ ನೇತುಹಾಕಿಸುವುದಾಗಿ ಬೆದರಿಸುತ್ತಾಳೆ.

ಇನ್ನು ಲೆಕ್ಕದ ಮಾತು. ಜಾರ್ಜ್ ಕಂಡಿಟ್ಟ ನೆಲದ ಬೆಲೆ ೬೦೦ ಡಾಲರು. ಮುದುಕ ಕ್ಯಾಂಡಿಗೆ ಕೈ ಹೋದುದರ ಪರಿಹಾರವಾಗಿ ೨೫೦, ಬ್ಯಾಂಕಿನಲ್ಲಿ ೫೦, ತಿಂಗಳ ಕೊನೆಗೆ ಬರಬೇಕಾದ ೫೦, ಒಟ್ಟು ೩೫೦ ಇದೆ. ಗೆಳೆಯರಿಬ್ಬರ ತಿಂಗಳ ಕೂಲಿ ೧೦೦ ಸೇರಿದರೆ ೪೫೦. ಅಂದರೆ ಬೆಲೆಯ ಮುಕ್ಕಾಲು ಪಾಲು. ಉಳಿದುದನ್ನು ದುಡಿದು ತೀರಿಸಬಹುದೆಂದು ಜಾರ್ಜನೇ ಎಣಿಸುತ್ತಾನೆ. ಮುಂದೆ ಲೆನ್ನಿಯ ಕೈಯಲ್ಲಿ ಕರ್ಲಿಯ ಹೆಂಡತಿಯು ಅವನರಿಯದೆಯೇ ಸತ್ತಾಗ ಲೆಕ್ಕದಿಂದ ಕಳೆಯುವುದು ಲೆನ್ನಿಯ ೫೦ ಡಾಲರು ಮಾತ್ರ. ಮಿಕ್ಕ ೪೦೦, ಬೆಲೆಯ ಮೂರರಲ್ಲಿ ಎರಡು ಪಾಲು, ಹಾಗೆಯೇ ಇದೆ. ನಾವಿಬ್ಬರಾದರೂ ಆ ನೆಲವನ್ನು ಕೊಳ್ಳಬಹುದಲ್ಲವೇ ಎಂದು ಕ್ಯಾಂಡಿ ಅಂಗಲಾಚುತ್ತಾನೆ. ಜಾರ್ಜ್ ಒಪ್ಪುವುದಿಲ್ಲ, ಇತರರಂತೆ ತಾನೂ ತಿಂಗಳ ಕೂಲಿಯನ್ನು ವೇಶ್ಯಾಗೃಹದಲ್ಲಿ ಕಳೆಯುವೆನೆನ್ನುತ್ತಾನೆ.

ಆ ನೆಲವಿದ್ದುದು ಜಾರ್ಜ್ ಹೇಳುವ, ಲೆನ್ನಿ ಮತ್ತೆ ಮತ್ತೆ ಹೇಳಿಸಿಕೊಳ್ಳುವ ಕಥೆಯಲ್ಲಿ. ಕೇಳುವವನು ಇಲ್ಲವಾದ ಮೇಲೆ ೪೦೦ ಡಾಲರು ಬರಿಯ ಹಣವಾಗುತ್ತದೆ. ಕ್ಯಾಂಡಿಯ ಒಂಟಿತನವೂ ಜಾರ್ಜನದಷ್ಟೇ ನಿಜ. ಆದರೂ ಒಬ್ಬ ಗೆಳೆಯನ ಸ್ಥಾನದಲ್ಲಿ ಇನ್ನೊಬ್ಬನನ್ನು ಕುಳ್ಳಿರಿಸಲು ಬಾರದು. ಕೃತಿಯ ಅತ್ಯಂತ ನಿಷ್ಠುರವಾದ ಸತ್ಯವಿದು.

ಇಲಿ, ನಾಯಿಮರಿ, ಮುದಿನಾಯಿ ಎಂಬ ಮುನ್ಸೂಚನೆಗಳ ಸಾಲು ತುಸು ಅತಿಯಾಯಿತೆಂಬ ಆಕ್ಷೇಪಕ್ಕೆ ಎಡೆಯುಂಟು. ಆದರೆ ತನ್ನ ನಾಯಿಯನ್ನು ಪರರ ಕೈಗೊಪ್ಪಿಸದೆ ತಾನೇ ಕೊಲ್ಲಬೇಕಿತ್ತೆಂದು ಕ್ಯಾಂಡಿ ಹಿಂದೆ ಜಾರ್ಜನೊಡನೆ ಪರಿತಪಿಸಿದ್ದುದು ಅಂತ್ಯದಲ್ಲಿ ಸಾರ್ಥಕವಾಗುತ್ತದೆ. ಬೆನ್ನಟ್ಟಿದವರಿಗೆ ಲೆನ್ನಿ ಸಿಗದಂತೆ, ಅದೇ ನೆಲದ ಕಥೆಯನ್ನು ಹೇಳುತ್ತ, ಜಾರ್ಜ್ ಅವನಿಗೆ ಗುಂಡಿಕ್ಕುತ್ತಾನೆ. ಸ್ಲಿಮ್ ಒಬ್ಬನೇ ಅವನ ದುಃಖವನ್ನು ಅರಿತು ಕರೆದೊಯ್ಯುತ್ತಾನೆ. ಇವರಿಗೇನಾಯಿತೆಂದು ಕಾರ್ಲ್‌ಸನ್ ಅಚ್ಚರಿಪಡುವಲ್ಲಿ ಕೃತಿಯು ಮುಗಿಯುತ್ತದೆ. ಇವರ ಜೊತೆಯಲ್ಲಿ ಲಾಭವೇನಿದ್ದೀತೆಂದು ಯಜಮಾನನು ಮೊದಲಿಗೇ ಕೇಳಿದ್ದ. ಆತನಿಗೆ ತಿಳಿಯದೆ ಹೋದುದು ಕಾರ್ಲ್‌ಸನ್ನನಿಗೂ ಕೊನೆಯವರೆಗೆ ತಿಳಿಯಲಿಲ್ಲ.