ರಸಪ್ರಶ್ನೆಯೂ ಸೋತವರೂ

ಪರಭಾಷೆಯ ಪದಾರ್ಥವೊಂದಕ್ಕೆ ಕನ್ನಡದಲ್ಲಿ ಹೆಸರಿಡುವಾಗ ಮೂಲದಲ್ಲಿಲ್ಲದ ಸಂಪತ್ತು ಕೆಲವು ವೇಳೆ ಹೆಸರಿನೊಡನೆ ಬಂದು ಸೇರುವುದುಂಟು. ಇಂಗ್ಲಿಷಿನ ‘ಕ್ವಿಜ್’ ಎಂಬ ವಿನೋದಕ್ಕೆ ಕನ್ನಡಿಗರು ‘ರಸಪ್ರಶ್ನೆ’ ಎಂದು ಹೆಸರಿಟ್ಟಿರುವುದು ಇದಕ್ಕೆ ನಿದರ್ಶನ. ಆಂಗ್ಲ ಶಬ್ದದಲ್ಲಿ ಪ್ರಶ್ನೆಯ ಅರ್ಥವುಂಟು, ಪರೀಕ್ಷೆಯ ಅರ್ಥವುಂಟು, ರಸದ ಸುಳಿವಿಲ್ಲ. ಕನ್ನಡದ ಹೆಸರಾದರೋ ಒಂದು ಪ್ರತಿಜ್ಞೆಯನ್ನೇ ಮಾಡಿಬಿಟ್ಟಿದೆ. ಆ ಪ್ರತಿಜ್ಞೆ ಎಷ್ಟರ ಮಟ್ಟಿಗೆ ನೆರವೇರುತ್ತಿದೆ ಎಂಬುದು ಸಾಹಿತ್ಯವಿಮರ್ಶೆಯ ಎಲ್ಲೆಗೆ ಹೊರಗಾದ ವಿಚಾರವಲ್ಲ. ಕಾವ್ಯದ ಪಾತ್ರಗಳ ಹೆಸರು ಅನೇಕ ಮಕ್ಕಳ ಕಿವಿಗೆ ಇಂದು ಮೊದಲು ಬೀಳುವುದು ಕಾವ್ಯದ ಮೂಲಕವಲ್ಲ, ಇಂಥ ಪ್ರಶ್ನೆಗಳ ಮೂಲಕ.

ಈ ವಿನೋದ ನಮ್ಮ ನಾಡಿನಲ್ಲಿ ಚೆನ್ನಾಗಿ ಬೇರೂರಿದೆ. ಬೆಂಗಳೂರಿನಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಸ್ಥಾಪಿತವಾದದ್ದು ೧೯೮೩ರಲ್ಲಿ. ದೂರದರ್ಶನದ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರ ಅವರು ೨೦೦೨ರಲ್ಲಿ ಆರಂಭಿಸಿದ ‘ಥಟ್ ಅಂತ ಹೇಳಿ’ ಕಾರ್ಯಕ್ರಮವು ಸರಿಯುತ್ತರಕ್ಕೆ ಕನ್ನಡ ಪುಸ್ತಕಗಳನ್ನೇ ಬಹುಮಾನವಾಗಿ ಕೊಡುವ ಪದ್ಧತಿಯಿಂದ ಮನೆಮನೆಗೆ ಪರಿಚಿತವಾಯಿತು. ಉತ್ತರದ ತುದಿಯಲ್ಲಿ ಗ್ರಂಥವೊಂದು ಕಾದಿರಬೇಕೆಂಬ ಈ ಪದ್ಧತಿ ಶ್ಲಾಘ್ಯವಾದದ್ದು. ಪ್ರಶ್ನೆಯೊಳಗೂ ಗ್ರಂಥದ ಕಡೆಗೆ ದಾರಿಯಿರಬೇಕಲ್ಲವೆ ಎಂಬುದೇ ಪ್ರಕೃತ ವಿಚಾರ.

ರಸಪ್ರಶ್ನೆಗಳಲ್ಲಿ ಸೋತವರನ್ನು ಕುರಿತವು ಒಂದು ವಿಶೇಷ ಜಾತಿ. ಯಾವ ತಂಡ ಗೆದ್ದಿತೆಂದು ಕೇಳುವುದು ಸುಲಭ. ಗೆದ್ದವರ ಹೆಸರನ್ನು ಬಟ್ಟಲಿನ ಮೇಲೆಯೇ ಕೆತ್ತಿರುತ್ತಾರೆ. ಸೋತವರ ಹೆಸರನ್ನು ಹುಡುಕಿ ತರಬೇಕು. ಆದುದರಿಂದಲೇ ಚತುರರಾದ ಪ್ರಶ್ನಕರ್ತರು ಸೋಲಿನ ಕಡೆಗೆ ತಿರುಗುವರು. ಹತ್ತು ಸಾವಿರ ಪಂದ್ಯಗಳನ್ನು ಸೋತ ಮೊದಲ ತಂಡ ಯಾವುದು? ಅಮೆರಿಕದ ಬೇಸ್‌ಬಾಲ್ ತಂಡವಾದ ಫಿಲಡೆಲ್ಫಿಯ ಫಿಲ್ಲೀಸ್, ೨೦೦೭ರ ಜುಲೈ ೧೫ರಂದು. ಉತ್ತರ ನಿಷ್ಕೃಷ್ಟವಾದದ್ದು, ಕೇಳಿದವರಿಗೆ ನಗೆಯೂ ಬರುವುದು. ಆದರೆ ಅಷ್ಟು ಸಲ ಸೋತ ತಂಡದ ಹಿಂದೆ ತಲೆಮಾರುಗಳಿಂದ ನಿಂತ ಜನರ ಮನಸ್ಸೇನೆಂಬುದು ಆ ಉತ್ತರದಲ್ಲಿ ಇಲ್ಲ. ಸಂಖ್ಯೆ ತಿಳಿಯಿತು, ಸೋಲು ತಿಳಿಯಲಿಲ್ಲ.

ಸೋಲು ತಿಳಿಯುವುದು ಅದನ್ನು ಯಾರಾದರೂ ಬರೆದಾಗ. ೧೮೮೨ರ ಆಗಸ್ಟ್ ೨೯ರಂದು ಲಂಡನ್ನಿನ ಓವಲ್ ಬಯಲಿನಲ್ಲಿ ಗೆಲ್ಲಲು ೮೫ ರನ್ ಬೇಕಾಗಿದ್ದ ಇಂಗ್ಲೆಂಡ್ ತಂಡವು ೭೭ಕ್ಕೆ ಕುಸಿದು ಆಸ್ಟ್ರೇಲಿಯಕ್ಕೆ ೭ ರನ್‌ಗಳಿಂದ ಸೋತಿತು. ರೆಜಿನಾಲ್ಡ್ ಬ್ರೂಕ್ಸ್ ಎಂಬ ಪತ್ರಕರ್ತನು ‘ಸ್ಪೋರ್ಟಿಂಗ್ ಟೈಮ್ಸ್’ ಪತ್ರಿಕೆಯಲ್ಲಿ ಇಂಗ್ಲಿಷ್ ಕ್ರಿಕೆಟ್ಟು ಕಾಲವಾಯಿತೆಂದು ಅಣಕದ ಮರಣವಾರ್ತೆಯನ್ನು ಬರೆದು, ಅದರ ಬೂದಿಯನ್ನು ಆಸ್ಟ್ರೇಲಿಯಕ್ಕೆ ಒಯ್ಯಲಾಗುವುದೆಂದು ಸೇರಿಸಿದನು. ಆ ಪಂದ್ಯದಲ್ಲಿ ೧೪ ವಿಕೆಟ್ ಕಿತ್ತ ಸ್ಪಾಫರ್ತನ ಪರಾಕ್ರಮವನ್ನು ಬಲ್ಲವರು ಈಗ ವಿರಳ. ಎರಡು ದೇಶಗಳ ಸ್ಪರ್ಧೆಗೆ ‘ಆ್ಯಷಸ್’ ಎಂಬ ಹೆಸರು ಮಾತ್ರ ಉಳಿದಿದೆ. ವಿಜಯವು ಅಂಕಪಟ್ಟಿಗೆ ಸೇರಿತು. ಪರಾಭವವು ಭಾಷೆಗೆ ಸೇರಿತು.

ಕಾವ್ಯದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿ ಕಾಣುವುದು. ೧೮೮೮ರ ಜೂನ್ ೩ರಂದು ‘ಸ್ಯಾನ್ ಫ್ರಾನ್ಸಿಸ್ಕೋ ಎಕ್ಸಾಮಿನರ್’ ಪತ್ರಿಕೆಯಲ್ಲಿ ಅರ್ನೆಸ್ಟ್ ಥೇಯರ್ ಎಂಬಾತನು ‘ಫಿನ್’ ಎಂಬ ಗುಪ್ತನಾಮದಿಂದ ‘ಕೇಸಿ ಅಟ್ ದಿ ಬ್ಯಾಟ್’ ಎಂಬ ಹಾಸ್ಯಕವಿತೆಯನ್ನು ಪ್ರಕಟಿಸಿದನು. ಮಡ್‌ವಿಲ್ ಎಂಬ ಕಲ್ಪಿತ ಊರಿನ ತಂಡ ನಾಲ್ಕಕ್ಕೆ ಎರಡರಂತೆ ಹಿಂದಿದೆ. ಊರ ಜನರ ಆಸೆಯೆಲ್ಲ ದಾಂಡು ಹಿಡಿದು ನಿಂತ ಕೇಸಿಯ ಮೇಲೆ. ಆತನು ಗರ್ವದಿಂದ ಎರಡು ಚೆಂಡುಗಳನ್ನು ಹೊಡೆಯದೆ ಬಿಡುತ್ತಾನೆ. ಮೂರನೆಯದನ್ನು ಬೀಸಿ ತಪ್ಪುತ್ತಾನೆ. ಅಲ್ಲಿಗೆ ಆಟ ಮುಗಿಯಿತು. ಡಿ ವುಲ್ಫ್ ಹಾಪರ್ ಎಂಬ ನಟನು ಇದನ್ನು ರಂಗದ ಮೇಲೆ ಸಾವಿರಾರು ಸಲ ವಾಚಿಸಿ ದೇಶಕ್ಕೆಲ್ಲ ಬಾಯಿಪಾಠ ಮಾಡಿಸಿದನು.

ಈ ಕವಿತೆಯ ಮೇಲೆ ರಸಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಸೋತ ತಂಡದ ಹೆಸರನ್ನೋ ದಾಂಡಿಗನ ಹೆಸರನ್ನೋ ಕೇಳುವರು. ಆದರೆ ಕವಿತೆಯನ್ನು ಓದಿದವನಿಗೆ ಮತ್ತೊಂದು ಪ್ರಶ್ನೆ ಹೊಳೆಯುವುದು: ಗೆದ್ದವರು ಯಾರು? ಉತ್ತರವಿಲ್ಲ. ಕೇಸಿ, ಕೂನಿ, ಬ್ಯಾರೋಸ್, ಫ್ಲಿನ್, ಬ್ಲೇಕ್ ಎಂದು ಸೋತವರಲ್ಲಿ ಐವರ ಹೆಸರು ಕವಿತೆಯಲ್ಲಿ ಉಂಟು. ಗೆದ್ದ ತಂಡದ ಹೆಸರಾಗಲಿ, ಕೇಸಿಯನ್ನು ಸೋಲಿಸಿದ ಚೆಂಡೆಸೆತಗಾರನ ಹೆಸರಾಗಲಿ ಎಲ್ಲಿಯೂ ಇಲ್ಲ. ಲೋಕದ ಅಂಕಪಟ್ಟಿಯನ್ನು ಕವಿ ತಲೆಕೆಳಗು ಮಾಡಿದ್ದಾನೆ. ಇದನ್ನು ಕಾಣಿಸುವ ಪ್ರಶ್ನೆ ರಸಪ್ರಶ್ನೆ. ಉಳಿದದ್ದು ಹೆಸರಿನ ತಪಶೀಲು.

ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿಯೂ ಇಂಥ ಸೋಲೊಂದಿದೆ. ೧೮೩೬ರಲ್ಲಿ ಕಂತುಗಳಾಗಿ ಹೊರಡಲು ಆರಂಭಿಸಿದ ಈ ಗ್ರಂಥದಲ್ಲಿ ಆಲ್-ಮಗಲ್ಟನ್ ತಂಡಕ್ಕೆ ಡಿಂಗ್ಲಿ ಡೆಲ್ ತಂಡ ಕ್ರಿಕೆಟ್ಟಿನಲ್ಲಿ ಶರಣಾಗುತ್ತದೆ. ಗೆದ್ದವರು ಐವತ್ತನಾಲ್ಕು ಗಳಿಸುವ ಹೊತ್ತಿಗೆ ಸೋತವರ ಪಟ್ಟಿ ಖಾಲಿ. ಪ್ರಶ್ನಕರ್ತನಿಗೆ ಇಷ್ಟು ಸಾಕು. ಆದರೆ ಡಿಕನ್ಸನ ಲಕ್ಷ್ಯ ಪಂದ್ಯದ ಮೇಲಿಲ್ಲ. ಆಡದೆಯೇ ಎಲ್ಲರಿಗಿಂತ ಹೆಚ್ಚು ಮಾತನಾಡುವ ಜಿಂಗಲ್ ಎಂಬ ವಾಚಾಳಿಯ ಮೇಲೆ ಇದೆ. ಆಟಗಾರರು ಬೆವರುತ್ತಿರುವಾಗ ತೀರ್ಪು ಕೊಡುತ್ತ ಕುಳಿತ ಆತನು ಸೋಲುಗೆಲುವು ಎರಡಕ್ಕೂ ಹೊರಗಿದ್ದು ಎರಡನ್ನೂ ಸೂರೆಗೊಳ್ಳುತ್ತಾನೆ.

ಅನ್ಯದೇಶದ ಈ ನಿದರ್ಶನಗಳನ್ನು ಕಂಡ ಕನ್ನಡ ವಾಚಕನಿಗೆ ರನ್ನನ ನೆನಪು ಬಾರದಿರದು. ಹತ್ತನೆಯ ಶತಮಾನದ ಈ ಕವಿ ತನ್ನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ, ಕಾವ್ಯಕ್ಕೆ ‘ಸಾಹಸಭೀಮವಿಜಯ’ ಎಂದು ಗೆದ್ದವನ ಹೆಸರನ್ನೇ ಇಟ್ಟನು. ಆದರೂ ನಾಡು ಅದನ್ನು ‘ಗದಾಯುದ್ಧ’ವೆಂದೇ ಕರೆಯುತ್ತದೆ, ಸಹೃದಯರ ಮನಸ್ಸು ಸೋತ ದುರ್ಯೋಧನನ ಬಳಿಗೇ ಹೋಗುತ್ತದೆ. ಶ್ರೀ ಬಿ. ಎಂ. ಶ್ರೀಕಂಠಯ್ಯನವರು ಈ ಕಾವ್ಯದಿಂದಲೇ ‘ಗದಾಯುದ್ಧ ನಾಟಕ’ವನ್ನು ರೂಪಿಸಿ ದುರ್ಯೋಧನನ ಪತನವನ್ನು ರುದ್ರನಾಟಕದ ವಸ್ತುವನ್ನಾಗಿ ಮಾಡಿದುದು ಎಲ್ಲರಿಗೂ ವಿದಿತವಾಗಿದೆ.

ದುರ್ಯೋಧನನು ಅಡಗಿದ ಸರೋವರ ಯಾವುದು ಎಂದು ಕೇಳಿದರೆ ವೈಶಂಪಾಯನವೆಂಬ ಉತ್ತರ ಥಟ್ಟನೆ ಬರಬಹುದು. ಕಾವ್ಯವನ್ನು ತೆರೆಯದವನೂ ಇದನ್ನು ಹೇಳಬಲ್ಲನು. ರಣರಂಗದಲ್ಲಿ ಸಂಜಯನೊಡನೆ ನಡೆಯುತ್ತ ಆತನು ಶತ್ರುಪಕ್ಷದ ಯಾರ ಶವದ ಮುಂದೆ ನಿಂತು, ಮೆಚ್ಚಿ, ಅಂಥ ಮರಣವನ್ನೇ ತನಗೂ ಬೇಡಿದನು ಎಂದು ಕೇಳಿ ನೋಡಬೇಕು. ಉತ್ತರ ಇಲ್ಲಿಯೂ ಒಂದು ಹೆಸರೇ: ಅಭಿಮನ್ಯು. ಆದರೆ ಈ ಹೆಸರನ್ನು ಹೇಳಿದವನು, ಸೋಲಲಿರುವ ಛಲದಂಕಮಲ್ಲನ ಹೃದಯದಲ್ಲಿ ಹಗೆಯ ಮಗನಿಗೂ ಸ್ಥಳವಿತ್ತೆಂಬುದನ್ನು ಹೇಳದೆ ಇರಲಾರನು. ಎರಡು ಪ್ರಶ್ನೆಗಳಿಗೂ ಒಂದೊಂದೇ ಶಬ್ದದ ಉತ್ತರ. ಒಂದು ಕಾವ್ಯದ ಹೊರಬಾಗಿಲಲ್ಲೇ ನಿಲ್ಲುವುದು, ಇನ್ನೊಂದು ಒಳಗೆ ಕರೆದೊಯ್ಯುವುದು.

ಇದು ವಿನೋದ, ಇದರ ಮೇಲೆ ಇಷ್ಟು ಭಾರ ಹೊರಿಸುವುದೇಕೆ ಎಂದು ಆಕ್ಷೇಪಿಸುವವರು ಇರಬಹುದು. ವಿನೋದಕ್ಕೆ ಯಾರ ವಿರೋಧವೂ ಇಲ್ಲ. ಹೆಸರುಗಳನ್ನು ಕಂಠಸ್ಥ ಮಾಡುವುದು ನಮ್ಮ ಹಿರಿಯರಿಗೆ ಹೊಸದಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿದವರು ಅವರು. ಆದರೆ ಕೋಶವು ಕಾವ್ಯಕ್ಕೆ ಸಾಧನವೆಂಬುದನ್ನು ಅವರು ಮರೆತಿರಲಿಲ್ಲ. ಇಂದು ಸಾಧನವೇ ಸಾಧ್ಯವಾಗುವ ಅಪಾಯವಿದೆ. ಅಂಕಪಟ್ಟಿಯು ಮರೆತವರನ್ನು ಕವಿ ಕಷ್ಟಪಟ್ಟು ಎತ್ತಿ ಉಳಿಸಿದರೆ, ಪ್ರಶ್ನಪತ್ರಿಕೆಯು ಅವರನ್ನು ಮತ್ತೆ ಅಂಕಪಟ್ಟಿಗೇ ಇಳಿಸುವುದು ನ್ಯಾಯವಲ್ಲ.

ಸೋಲನ್ನು ಕುರಿತ ಪ್ರಶ್ನೆಗಳಲ್ಲಿ ಅತಿ ದೊಡ್ಡದು ಮಹಾಭಾರತದ ಸಭಾಪರ್ವದಲ್ಲಿದೆ. ದ್ಯೂತದಲ್ಲಿ ಧರ್ಮರಾಜನು ಎಲ್ಲವನ್ನೂ ಕಳೆದುಕೊಂಡ ಮೇಲೆ, ಕರೆಯಲು ಬಂದ ಪ್ರಾತಿಕಾಮಿಯೊಡನೆ ದ್ರೌಪದಿ ಒಂದು ಪ್ರಶ್ನೆಯನ್ನು ಸಭೆಗೆ ಕಳುಹುತ್ತಾಳೆ: ರಾಜನು ಮೊದಲು ಸೋತದ್ದು ತನ್ನನ್ನೋ, ತನ್ನ ಪತ್ನಿಯನ್ನೋ? ತನ್ನನ್ನೇ ಸೋತವನಿಗೆ ಮತ್ತೊಬ್ಬರನ್ನು ಒಡ್ಡುವ ಅಧಿಕಾರವೆಲ್ಲಿಯದು ಎಂಬುದು ಅದರ ಒಳದನಿ. ಕೇಳಿದ್ದು ಕೇವಲ ಒಂದು ಅನುಕ್ರಮ, ಯಾವುದು ಮೊದಲು ಯಾವುದು ಆಮೇಲೆ ಎಂಬಷ್ಟೇ. ಇದಕ್ಕಿಂತ ಚಿಕ್ಕ ಪ್ರಶ್ನೆ ಇರಲಾರದು. ಆದರೂ ಭೀಷ್ಮನಿಗೆ ನಿರ್ಣಯಿಸಲಾಗಲಿಲ್ಲ. ಗೆದ್ದ ಪಕ್ಷದವನಾದ ವಿಕರ್ಣನೊಬ್ಬನು ಎದ್ದು ಆಕೆಯ ಪರವಾಗಿ ನುಡಿದನು. ಉಳಿದ ಸಭೆ ಸರಿಯುತ್ತರವಿಲ್ಲದೆ ಕುಳಿತಿತು.

ಅಂಥ ಪ್ರಶ್ನೆಯನ್ನು ಸಂಜೆಯ ಸ್ಪರ್ಧೆಯೊಂದರಲ್ಲಿ ಕೇಳಬೇಕೆಂದು ಯಾರೂ ಬಯಸಲಾರರು. ಆದರೆ ವಿಕರ್ಣನ ಹೆಸರನ್ನು ಕೇಳಬಹುದು. ಆತನು ಯಾವ ಪ್ರಶ್ನೆಗಾಗಿ ಎದ್ದನೆಂಬುದನ್ನೂ ಅದರೊಡನೆಯೇ ಕೇಳಬಹುದು. ಹೀಗೆ ಕೇಳುವ ಪ್ರಶ್ನಕರ್ತರು ನಮ್ಮಲ್ಲಿ ಇಲ್ಲವೆಂದಲ್ಲ. ಅವರ ಸಂಖ್ಯೆ ಹೆಚ್ಚಿದಷ್ಟೂ, ಬಹುಮಾನವಾಗಿ ಬಂದ ಪುಸ್ತಕವು ಕಪಾಟಿನಲ್ಲಿ ಉಳಿಯದೆ ಆ ರಾತ್ರಿಯೇ ಕೈಗೆ ಬರುವ ಸಂಭವ ಹೆಚ್ಚು.