ವಾರಸುದಾರರಿಲ್ಲದ ಸಾಲುಗಳು

ಕನ್ನಡದ ಎಷ್ಟೋ ಬ್ಲಾಗುಗಳು, ವೆಬ್ ಪತ್ರಿಕೆಗಳು ವರ್ಡ್‌ಪ್ರೆಸ್ ನೆಚ್ಚಿಕೊಂಡೇ ನಡೆಯುತ್ತಿವೆ. 2003ರಲ್ಲಿ ಶುರುವಾದ ಈ ತಂತ್ರಾಂಶ ಕೋಡ್ ಬಾರದ ಬರಹಗಾರರಿಗೂ ಸ್ವಂತ ಜಾಗ ಮಾಡಿಕೊಟ್ಟಿತು. ಆ ಬಗ್ಗೆ ನನಗೆ ಗೌರವವಿದೆ. ಆದರೆ ಅದರ ಡೇಟಾಬೇಸ್ ತೆರೆದಾಗಲೆಲ್ಲ ಒಂದು ಕೊರತೆ ಚುಚ್ಚುತ್ತದೆ. ಮೂಲ ವಿನ್ಯಾಸದಲ್ಲಿ ಹನ್ನೆರಡು ಟೇಬಲ್‌ಗಳಿವೆ. ಅವುಗಳ ನಡುವೆ ಒಂದೇ ಒಂದು ಫಾರಿನ್ ಕೀ ಇಲ್ಲ.

ಲೇಖನ ಒಂದು ಟೇಬಲ್‌ನಲ್ಲಿರುತ್ತದೆ, ಅದರ ಮುಖಚಿತ್ರ ಯಾವುದು ಎಂಬಂಥ ವಿವರ ಪೋಸ್ಟ್‌ಮೆಟಾ ಎಂಬ ಇನ್ನೊಂದರಲ್ಲಿ. ಎರಡಕ್ಕೂ ನಂಟು ಲೇಖನದ ಐಡಿ ಮಾತ್ರ. ಆ ಐಡಿಯ ಲೇಖನ ನಿಜಕ್ಕೂ ಇದೆಯೇ ಎಂದು ಡೇಟಾಬೇಸ್ ಕೇಳುವುದಿಲ್ಲ. ಹಾಗೆ ಕೇಳಲೇಬೇಕೆಂಬ ಕಟ್ಟುಪಾಡೇ ರೆಫರೆನ್ಶಿಯಲ್ ಇಂಟೆಗ್ರಿಟಿ; ಅದನ್ನು ಡೇಟಾಬೇಸ್‌ಗೆ ಹೇಳುವ ಬಗೆಯೇ ಫಾರಿನ್ ಕೀ. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ರಿಲೇಷನಲ್ ಮಾದರಿಯನ್ನು ಮುಂದಿಟ್ಟ ಪ್ರಬಂಧದಲ್ಲೇ ಫಾರಿನ್ ಕೀ ಇತ್ತು.

ವರ್ಡ್‌ಪ್ರೆಸ್ ಅದನ್ನು ಬಿಟ್ಟದ್ದಕ್ಕೆ ಕಾರಣವಿಲ್ಲದೆ ಇಲ್ಲ. ಅದು ಬಳಸುವ ಡೇಟಾಬೇಸ್ ಮೈಎಸ್‌ಕ್ಯೂಎಲ್‌ನ ಡೀಫಾಲ್ಟ್ ಎಂಜಿನ್ ಆಗ ಮೈಐಸ್ಯಾಮ್. ಫಾರಿನ್ ಕೀ ಬರೆದರೆ ಅದು ತಕರಾರಿಲ್ಲದೆ ಓದಿಕೊಂಡು ಕೈಬಿಡುತ್ತಿತ್ತು. ಫಾರಿನ್ ಕೀ ಪಾಲಿಸುವ ಇನ್ನೊಡಿಬಿ ಡೀಫಾಲ್ಟ್ ಆದದ್ದು 2010ರಲ್ಲಿ, 5.5ನೇ ಆವೃತ್ತಿಯಿಂದ. ಹಾಗಾಗಿ 2003ರ ತೀರ್ಮಾನವನ್ನು ನಾನು ದೂರಲಾರೆ. ಅದು ಇನ್ನೂ ಹಾಗೇ ಉಳಿದಿರುವುದನ್ನು ದೂರುತ್ತೇನೆ.

ಅಡ್ಮಿನ್ ಪುಟದಿಂದ ಲೇಖನವನ್ನು ಪೂರ್ತಿ ಅಳಿಸಿದರೆ ಪಿಎಚ್‌ಪಿ ಕೋಡು ಅದರ ವಿವರಗಳನ್ನೂ ತೆಗೆಯುತ್ತದೆ. ಬಳಕೆದಾರರೊಬ್ಬರನ್ನು ತೆಗೆಯುವಾಗ ಅವರ ಬರಹಗಳನ್ನು ಅಳಿಸಬೇಕೋ, ಬೇರೆಯವರ ಹೆಸರಿಗೆ ಮಾಡಬೇಕೋ ಎಂದು ವಿಚಾರಿಸುತ್ತದೆ. ಒಳ್ಳೆಯ ನಡೆಯೇ. ಆದರೆ ಇದೆಲ್ಲ ಮುಂಬಾಗಿಲ ಕಾವಲು. ಪ್ಲಗಿನ್ ಒಂದು ನೇರವಾಗಿ ಡಿಲೀಟ್ ಕ್ವೆರಿ ಓಡಿಸಿದರೆ, ಯಾರೋ ಪಿಎಚ್‌ಪಿಮೈಅಡ್ಮಿನ್‌ಗೆ ಹೋಗಿ ಕೈಯಾರೆ ಸಾಲು ಅಳಿಸಿದರೆ ತಡೆಯುವವರಿಲ್ಲ. ವಿವರಗಳ ಸಾಲು ವಾರಸುದಾರರಿಲ್ಲದೆ ಉಳಿಯುತ್ತದೆ.

ಕಸ ತಾನೇ, ಆಮೇಲೆ ಗುಡಿಸಿದರಾಯಿತು ಎನ್ನುವವರಿದ್ದಾರೆ. ಗುಡಿಸುವ ಪ್ಲಗಿನ್‌ಗಳೂ ಇವೆ. ನನ್ನ ಭಯ ಕಸದ್ದಲ್ಲ. ಮೈಎಸ್‌ಕ್ಯೂಎಲ್ 8.0ಕ್ಕೆ ಮೊದಲು ಇನ್ನೊಡಿಬಿ ಮುಂದಿನ ಐಡಿಯ ಲೆಕ್ಕವನ್ನು ಮೆಮೊರಿಯಲ್ಲಷ್ಟೇ ಇಟ್ಟುಕೊಳ್ಳುತ್ತಿತ್ತು. ಕೊನೆಯ ಲೇಖನ 501 ಎಂದುಕೊಳ್ಳಿ. ಆ ಒಂದು ಸಾಲನ್ನಷ್ಟೇ ಅಳಿಸಿ ಸರ್ವರ್ ರೀಸ್ಟಾರ್ಟ್ ಮಾಡಿದರೆ, ಉಳಿದವುಗಳಲ್ಲಿ ದೊಡ್ಡದಾದ 500ಕ್ಕೆ ಒಂದು ಕೂಡಿಸಿ, ಮುಂದೆ ಬರುವ ಲೇಖನಕ್ಕೂ 501 ಕೊಡುತ್ತಿತ್ತು. ಹಳೆಯ ವಿವರಗಳು ಸದ್ದಿಲ್ಲದೆ ಹೊಸ ಲೇಖನಕ್ಕೆ ಅಂಟಿಕೊಳ್ಳುತ್ತಿದ್ದವು. ಹಾಸ್ಯಬರಹದ ಮುಖಚಿತ್ರ ಶ್ರದ್ಧಾಂಜಲಿಯ ಮೇಲೆ ಬಂದು ಕೂರಬಹುದಿತ್ತು. ಅಲ್ಲಿಂದಾಚೆಗೆ ಗುಡಿಸುವ ಕ್ವೆರಿಗೂ ಅದು ಸಿಗದು, ಏಕೆಂದರೆ ಅದಕ್ಕೀಗ ವಾರಸುದಾರರಿದ್ದಾರೆ. ಕಾಣುವ ತಪ್ಪಿಗಿಂತ ಸರಿಯಂತೆ ಕಾಣುವ ಈ ತಪ್ಪು ಕೆಟ್ಟದ್ದು.

ಈಗಲಾದರೂ ಫಾರಿನ್ ಕೀ ಸೇರಿಸೋಣವೆಂದರೆ ವಿನ್ಯಾಸವೇ ಅಡ್ಡ ಬರುತ್ತದೆ. ಒಂದು ಪುಟಕ್ಕೆ ಮೇಲಿನ (ಪೇರೆಂಟ್) ಪುಟವಿಲ್ಲ ಎನ್ನಲು ಅಲ್ಲಿ ನಲ್ ಬದಲು ಸೊನ್ನೆ ಬರೆದಿದ್ದಾರೆ. ಸೊನ್ನೆ ಐಡಿಯ ಲೇಖನ ಇಲ್ಲವಾದ್ದರಿಂದ ಅಂಥ ಸಾಲುಗಳಿದ್ದಷ್ಟು ದಿನ ಫಾರಿನ್ ಕೀ ಕೂರುವುದಿಲ್ಲ. ವರ್ಗಗಳನ್ನು ಜೋಡಿಸುವ ಟೇಬಲ್‌ನಲ್ಲಂತೂ ಒಂದೇ ಕಾಲಂ ಒಮ್ಮೆ ಲೇಖನದ ಐಡಿ ಹಿಡಿದಿರುತ್ತದೆ, ಇನ್ನೊಮ್ಮೆ ಲಿಂಕಿನ ಐಡಿ. ಮೊದಲ ದಿನ ಬಿಟ್ಟ ಬೇಲಿಯನ್ನು ಮನೆಗಳೆದ್ದ ಮೇಲೆ ಹಾಕುವುದು ಕಷ್ಟ.

ಫಾರಿನ್ ಕೀಗೂ ಖರ್ಚಿದೆ, ಒಪ್ಪುತ್ತೇನೆ: ಪ್ರತಿ ಸಾಲು ಬರೆಯುವಾಗಲೂ ಒಂದು ತಪಾಸಣೆ, ಕೆಲವೊಮ್ಮೆ ಲಾಕ್‌ಗಾಗಿ ಕಾಯುವಿಕೆ. ಕ್ಯಾಸ್ಕೇಡ್ ಎಂದು ಬರೆದರೆ ಒಂದು ಸಾಲಿನ ಹಿಂದೆ ನೂರು ಸಾಲು ಹೋಗುತ್ತವೆ. ನಾನು, ನಂಟಿರುವ ಸಾಲುಗಳಿದ್ದರೆ ಅಳಿಸಲು ಬಿಡದ ರಿಸ್ಟ್ರಿಕ್ಟ್ ಅನ್ನೇ ಬಳಸುತ್ತೇನೆ.

ಹೊಸದಾಗಿ ಡೇಟಾಬೇಸ್ ಕಟ್ಟುವವರಲ್ಲಿ ನನ್ನ ಕೋರಿಕೆ ಇಷ್ಟೇ: ಮೊದಲ ಟೇಬಲ್‌ಗಳ ಜೊತೆಗೇ ಫಾರಿನ್ ಕೀ ಬರೆಯಿರಿ. ನಿಮ್ಮದು ಎಸ್‌ಕ್ಯೂಲೈಟ್ ಆಗಿದ್ದರೆ ಬರೆದರಷ್ಟೇ ಸಾಲದು. ಅದರಲ್ಲಿ ಈ ತಪಾಸಣೆ 2009ರಿಂದ ಇದ್ದರೂ ಸಾಮಾನ್ಯವಾಗಿ ಆಫ್ ಆಗಿರುತ್ತದೆ. ಪ್ರತಿ ಕನೆಕ್ಷನ್‌ನಲ್ಲೂ ನೀವೇ ಆನ್ ಮಾಡಬೇಕು.