ಜಿನ್‌ನ ದನಿ

ಯಾಪಲದಿನ್ನಿಯ ಬೇಸಿಗೆ ರಾತ್ರಿಯೊಂದರಲ್ಲಿ ‘ವಿಶ್‌ಮಾಸ್ಟರ್’ (1997) ಚಿತ್ರವನ್ನು ಮತ್ತೆ ನೋಡಿದೆ. ಸೆಕೆಯಲ್ಲೂ ಮೈ ತಣ್ಣಗಾಯಿತು. ನಿರ್ದೇಶಕ ರಾಬರ್ಟ್ ಕರ್ಟ್ಜ್‌ಮನ್ ಮೂಲತಃ ಮೇಕಪ್ ಕಲಾವಿದ. ಆ ಕೈಚಳಕ ಮೊದಲ ದೃಶ್ಯದಲ್ಲೇ ಕಾಣುತ್ತದೆ. 1127ರ ಪರ್ಷಿಯಾದ ಅರಮನೆಯಲ್ಲಿ ಒಬ್ಬನ ಮೈ ಸೀಳಿಕೊಂಡು ಅವನದೇ ಅಸ್ಥಿಪಂಜರ ಹೊರಬರುತ್ತದೆ. ಆ ಚರ್ಮದ ಜಿಗುಟು, ಎಲುಬಿನ ತೂಕ ನೋಡುವ ಕಣ್ಣಿಗೇ ತಾಗುತ್ತವೆ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು, ಕೇಳಿದ ವರ ಕೊಡುವ ಜಿನ್‌ನ ಪಾತ್ರಧಾರಿ ಆಂಡ್ರ್ಯೂ ಡಿವಾಫ್ ಅವರ ಗಂಟಲು. ಮನುಷ್ಯನ ವೇಷದಲ್ಲಿ ಸೂಟು ತೊಟ್ಟು ನಿಂತಾಗಲೂ ದನಿ ಮಾತ್ರ ಜಿನ್‌ನದೇ. ನಮ್ಮ ಭಸ್ಮಾಸುರನ ಕಥೆಯಲ್ಲಿ ವರ ಕೇಳಿದವನು ಕೇಡಿಗ. ಇಲ್ಲಿ ಕೊಡುವವನೇ ಕೇಡಿಗ. ಆತುರವಿಲ್ಲದೆ, ತುಟಿಯಂಚಿನಲ್ಲಿ ನಗುತ್ತಾ, ಪತ್ರಕ್ಕೆ ಹೆಬ್ಬೆಟ್ಟು ಬೀಳಲೆಂದು ಕೂತ ಸಾಹುಕಾರನ ಹಾಗೆ ಕಾಯುತ್ತಾನೆ. ಸದಾ ಚೆಲುವೆಯಾಗಿರಬೇಕು ಎಂದಳು ಅಂಗಡಿಯ ಹುಡುಗಿ. ಮರುಕ್ಷಣ ಅವಳು ಬಟ್ಟೆ ತೊಡಿಸಿ ನಿಲ್ಲಿಸುವ ಗೊಂಬೆ.